ಕಂಬಳಿ ಮೇಲೆ ಕೂತ ಕಂಪನಿ

ಜುಂಜಮ್ಮನ ಮಗ್ಗದ ಮನೆಯ ಗೋಡೆಯ ಮೇಲೆ ಆ ಬೋರ್ಡು ಇದ್ದದ್ದು ಒಟ್ಟು ಹತ್ತು ನಿಮಿಷ. ಚಿತ್ರದುರ್ಗದಿಂದ ಕಾರಿನಲ್ಲಿ ಬಂದ ಲಕ್ಷ್ಮೀಕಾಂತ್ ಎಂಬಾತ ತಾನೇ ಎರಡು ಮೊಳೆ ಹೊಡೆದು ಕಂಪನಿಯ ಹೆಸರಿನ ಬೋರ್ಡು ತೂಗುಹಾಕಿದ. ಪಕ್ಕದಲ್ಲಿ ಜುಂಜಮ್ಮನ ಕೈಗೊಂದು ಕಂಬಳಿ ಕೊಟ್ಟು ನಿಲ್ಲಿಸಿ ಫೋಟೋ ತೆಗೆದ. ಆಮೇಲೆ ಬೋರ್ಡು ಇಳಿಸಿ ಡಿಕ್ಕಿಗೆ ಹಾಕಿಕೊಂಡು ಹೊರಟುಹೋದ. ಮೊಳೆಗಳನ್ನು ಮಾತ್ರ ಬಿಟ್ಟುಹೋದ.

ಬೋರ್ಡನ್ನು ಯಾಕೆ ವಾಪಸ್ ಒಯ್ಯುತ್ತೀಯಪ್ಪ ಎಂದು ಆವತ್ತೇ ಕೇಳಬೇಕಿತ್ತು. ಕೇಳಲಿಲ್ಲ. ಮತ್ತೋಡಿನಾಚೆಯ ಆ ಹಟ್ಟಿಯಲ್ಲಿ ಮಾತು ಕೊಡುವಾಗ ಕರಿ ಕಂಬಳಿ ಹಾಸುತ್ತಾರೆ. ಮದುವೆಯ ಮಾತಾಗಲಿ, ಕುರಿ ಪಾಲಿಗೆ ಬಿಡುವ ಮಾತಾಗಲಿ, ಅದರ ಮೇಲೆ ಕೂತು ಆಡಿದ್ದು ಆಡಿದ್ದೇ. ಮತ್ತೆ ಸಾಕ್ಷಿ ಕೇಳುವವರಿಲ್ಲ, ಹಿಂದೆಗೆಯುವವರಂತೂ ಇಲ್ಲವೇ ಇಲ್ಲ. ಲಕ್ಷ್ಮೀಕಾಂತನಿಗೂ ಹಾಸಿದ್ದರು. ಅವನು ಅದರ ಮೇಲೆ ಕೂತು ಹೇಳಿದ್ದ:

"ಹೊರರಾಜ್ಯದ ದೊಡ್ಡ ಕಂಪನಿ ಕಣಮ್ಮ. ನಮ್ಮ ಕರ್ನಾಟಕದಾಗೆ ವ್ಯಾಪಾರ ಮಾಡ್ಬೇಕು ಅಂದ್ರೆ ಇಲ್ಲೊಂದು ಜಾಗ ತೋರಿಸಿ ನೋಂದಣಿ ಮಾಡಿಸ್ಬೇಕು. ನಿಮ್ಮ ಮಗ್ಗದ ಮನೇಲೆ ವ್ಯಾಪಾರ ಮಾಡ್ತೀವಿ, ನಿಮ್ಮ ಕಂಬಳೀನೇ ಕೊಳ್ತೀವಿ."

"ಮಾಡ್ಕಳ್ರಪ್ಪ, ಜಾಗ ಐತೆ," ಎಂದಿದ್ದಳು ಜುಂಜಮ್ಮ. ಕರೆಂಟ್ ಬಿಲ್ಲು, ಆಧಾರ್ ಕಾರ್ಡು ಕೊಟ್ಟಳು, ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದಳು. ಗಂಡ ಕಾಟಯ್ಯ ಬಂದವನಿಗೆ ಎರಡು ಲೋಟ ಮಜ್ಜಿಗೆ ಕುಡಿಸಿದ. ಅವನು ಹೋದ ಮೇಲೆ ಜುಂಜಮ್ಮ ಮಗ್ಗದ ಮನೆಯ ಒಂದು ಮೂಲೆಯನ್ನು ಖಾಲಿ ಮಾಡಿ, ತನ್ನ ಉಣ್ಣೆಯ ಮೂಟೆಗಳನ್ನು ದನದ ಕೊಟ್ಟಿಗೆಗೆ ಸಾಗಿಸಿ, ಸಗಣಿ ಸಾರಿಸಿದಳು. ಕಂಪನಿ ಬಂದರೆ ಕೂರಲು ಜಾಗ ಬೇಕಲ್ಲ. ಹನ್ನೊಂದು ತಿಂಗಳು ಆ ಮೂಲೆಯನ್ನು ದಿನವೂ ಗುಡಿಸಿದಳು. ಕಂಪನಿ ಬರಲಿಲ್ಲ. ಕೊಟ್ಟಿಗೆಯಲ್ಲಿ ಉಣ್ಣೆಗೆ ಹುಳು ಬಿತ್ತು.

ಈ ನಡುವೆ ಜುಂಜಮ್ಮ ಸುಮ್ಮನೆ ಕೂತಿರಲಿಲ್ಲ. ಹಟ್ಟಿಯ ಏಳು ಜನ ನೇಕಾರ ಹೆಂಗಸರನ್ನು ಕೂಡಿಸಿ ಅವರದೇ ಒಂದು ಕಂಪನಿ ಕಟ್ಟಿದ್ದಳು. ಊಟಿಯ ಅಂಗಡಿಯೊಂದು ಇನ್ನೂರು ಕಂಬಳಿ ಬೇಕೆಂದಿತ್ತು. ರಾಜ್ಯ ದಾಟಿ ಸರಕು ಕಳಿಸಲು ತೆರಿಗೆ ನಂಬರು ಬೇಕು. ತಿಂಗಳ ಕೊನೆಯೊಳಗೆ ನಂಬರು ಪಡೆದು ಬಿಲ್ಲು ಹರಿದುಕೊಡದಿದ್ದರೆ ಬೇರೆ ಕಡೆ ನೋಡಿಕೊಳ್ಳುತ್ತೇವೆ ಎಂದು ಅಂಗಡಿಯವರು ಕಡ್ಡಿ ಮುರಿದಂತೆ ಹೇಳಿದ್ದರು.

ಮಗ್ಗದ ಮನೆಯ ವಿಳಾಸ ಕೊಟ್ಟು ನಂಬರಿಗೆ ಅರ್ಜಿ ಹಾಕಿದ್ದವಳು ಹೊಸದುರ್ಗದ ಬಸ್ ಸ್ಟ್ಯಾಂಡಿನ ಎದುರು ತೆರಿಗೆ ಕಾಗದದ ಕೆಲಸ ಮಾಡುವ ಶಾಹೀನ್. ಅವಳ ತಾತ ದಾವೂದ್ ಸಾಬರು ಹಟ್ಟಿಯಿಂದ ಹಟ್ಟಿಗೆ ತಿರುಗಿ ಉಣ್ಣೆ ಕೊಳ್ಳುತ್ತಿದ್ದವರು, ಇದೇ ಕರಿ ಕಂಬಳಿಯ ಮೇಲೆ ಕೂತವರು. ಆ ಸೋಮವಾರ ಜುಂಜಮ್ಮ ಒಳಗೆ ಬರುತ್ತಲೇ ಶಾಹೀನ್ ಕುರ್ಚಿ ಎಳೆದುಕೊಟ್ಟಳು.

"ಕುಂತ್ಕಳ್ರಿ ಜುಂಜಕ್ಕ. ಅರ್ಜಿ ವಾಪಸ್ ಬಂದೈತೆ. ನಿಮ್ಮ ಮಗ್ಗದ ಮನೇಲಿ ಆಗ್ಲೇ ಒಂದು ಕಂಪನಿ ಐತಂತೆ."

"ನಮ್ಮದೇ ಇರ್ಬೇಕು ನೋಡವ್ವ."

"ನಿಮ್ಮದಲ್ಲ. ಹಿಮಕಾಂತ್ ವೂಲನ್ಸ್ ಪ್ರೈವೇಟ್ ಲಿಮಿಟೆಡ್ ಅಂತೆ. ಹೋದ ವರ್ಷನೇ ನೋಂದಣಿ ಆಗೈತೆ."

ಶಾಹೀನ್ ಫೋನು ಮುಂದೆ ಹಿಡಿದಳು. ಪರದೆಯ ಮೇಲೆ ಜುಂಜಮ್ಮ ನಗುತ್ತಾ ನಿಂತಿದ್ದಳು, ಕೈಯಲ್ಲಿ ಅವಳದೇ ಕಂಬಳಿ. ಕೆಳಗೆ 'ಮತ್ತೋಡಿನ ಕೈಮಗ್ಗದ ಕಂಬಳಿ' ಎಂದು ಬರೆದು, ಅವಳದೇ ಮನೆಯ ವಿಳಾಸ ಕೊಟ್ಟು, ಮಾರಾಟಕ್ಕಿಟ್ಟ ರಾಶಿ ರಾಶಿ ಕಂಬಳಿಗಳ ಚಿತ್ರವಿತ್ತು. ಜುಂಜಮ್ಮ ಅವುಗಳ ಅಂಚು ನೋಡಿದಳು. ಕೈಮಗ್ಗದ ನೂಲಿಗೆ ಹಚ್ಚುವ ಹುಣಸೆಬೀಜದ ಗಂಜಿ ಕಂಡ ಕಂಬಳಿ ಅಲ್ಲಿ ಒಂದೂ ಇರಲಿಲ್ಲ. ಎಲ್ಲ ಮಿಲ್ಲಿನವು.

ಅವಳ ಮೈಯೆಲ್ಲ ಉರಿದುಹೋಯಿತು. ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಬಂದು ಸೇರಿತು ಎನ್ನುತ್ತಾರೆ. ಆದರೆ ಹಾವಾದರೂ ಹುತ್ತದೊಳಗೆ ವಾಸ ಮಾಡುತ್ತದೆ. ಇವರು ಕಾಲೂ ಇಡದೆ ಮನೆ ಹಿಡಿದಿದ್ದರು. ಅವಳ ಮನೆಯಲ್ಲಿ ಈಗ ಅವಳಿಗೇ ಜಾಗವಿಲ್ಲ ಎಂದು ಸರ್ಕಾರದ ಕಾಗದ ಹೇಳುತ್ತಿತ್ತು.

"ಬಿಡಿಸ್ಕಳ್ಳಾದು ಸಲೀಸು," ಎಂದಳು ಶಾಹೀನ್. "ಕೊಟ್ಟ ಒಪ್ಪಿಗೆ ವಾಪಸ್ ತಗಂಡಿದೀನಿ ಅಂತ ಬರ್ದಿದೀನಿ. ಇಲ್ಲೊಂದು ಸಹಿ ಹಾಕ್ರಿ."

ಜುಂಜಮ್ಮ ಪೆನ್ನು ಹಿಡಿದಳು. ಆಮೇಲೆ ಪೆನ್ನು ಕೆಳಗಿಟ್ಟಳು.

"ಆಗಲ್ಲ ತಾಯಿ. ಕಂಬಳಿ ಮೇಲೆ ಕೊಟ್ಟ ಮಾತು."

"ಅವ್ರು ಮೋಸ ಮಾಡ್ಯಾರೆ ಜುಂಜಕ್ಕ. ಮೋಸಗಾರರ ಹತ್ರ ಎಂಥ ಮಾತು?"

"ಅವ್ರು ಮಾಡ್ಯಾರೆ, ನಾನು ಮಾಡಿಲ್ಲ. ಏಳು ಜನ ಹೆಂಗಸ್ರು ನನ್ನ ಕಂಪನೀಗೆ ಸೇರಿದ್ದು ಅದೇ ಕಂಬಳಿ ಮೇಲೆ ಕುಂತು. ಇವತ್ತು ನಾನು ಒಂದು ಮಾತು ಮುರಿದ್ರೆ ನಾಳೆ ಅವ್ರು ಯಾವ ಧೈರ್ಯದ ಮೇಲೆ ಕುಂತ್ಕತಾರೆ?"

ಶಾಹೀನಳಿಗೆ ಸಿಟ್ಟು ಬಂತು. ತಿಂಗಳು ಮುಗಿಯಲು ಉಳಿದಿದ್ದು ಹತ್ತೊಂಬತ್ತು ದಿನ. ಆದರೂ ತಾತನ ನೆನಪಾಗಿಯೋ ಏನೋ, ಬರೆದ ಕಾಗದವನ್ನು ಮಡಚಿ ಪಕ್ಕಕ್ಕಿಟ್ಟಳು.

ಬಸ್ಸಿನಲ್ಲಿ ಬರುವಾಗ ಜುಂಜಮ್ಮ ಆವತ್ತಿನ ಮಾತನ್ನು ಮನಸ್ಸಿನಲ್ಲೇ ತಿರುವಿ ಹಾಕಿದಳು. ತಾನು ಕೊಟ್ಟ ಮಾತಾದರೂ ಏನು? ವ್ಯಾಪಾರ ಮಾಡ್ಕಳ್ರಿ, ಜಾಗ ಐತೆ ಎಂದಿದ್ದು. ಹೆಸರು ಕದ್ದುಕೊಳ್ಳಿ ಎನ್ನಲಿಲ್ಲ. ಮನೆ ತಲುಪುವ ಮೊದಲೇ ಶಾಹೀನಳಿಗೆ ಫೋನು ಮಾಡಿದಳು.

"ಮಾತು ವಾಪಸ್ ತಗಳ್ಳಲ್ಲ. ನನ್ನ ಮನೇಲಿ ಏನು ವ್ಯಾಪಾರ ನಡೀತೈತೆ, ಆಫೀಸಿನೋರು ಬಂದು ನೋಡ್ಲಿ ಅಂತ ಅರ್ಜಿ ಬರಿ. ಆ ಲಕ್ಷ್ಮೀಕಾಂತೂ ಬರ್ಲಿ. ಕಂಬಳಿ ಹಾಸ್ತೀನಿ. ಅದರ ಮೇಲೆ ಕುಂತು ಸುಳ್ಳು ಹೇಳಾಕೆ ಅವನಿಗೆ ಬಾಯಿ ಬರಾಕಿಲ್ಲ."

ಮುಂದಿನ ವಾರ ತೆರಿಗೆ ಇನ್‌ಸ್ಪೆಕ್ಟರ್ ನೇತ್ರಾವತಿ ಮೇಡಂ ಬಂದರು. ಆಫೀಸಿನ ನೋಟಿಸು ಸಿಕ್ಕಿ ಅವರಿಗಿಂತ ಕಾಲು ಗಂಟೆ ಮೊದಲೇ ಬಂದಿದ್ದ ಲಕ್ಷ್ಮೀಕಾಂತ್ ಹಳೆಯ ಮೊಳೆಗಳಿಗೇ ಬೋರ್ಡು ಸಿಕ್ಕಿಸಿ, ವರ್ಷವಿಡೀ ಅಲ್ಲೇ ಇತ್ತೇನೋ ಎಂಬಂತೆ ಅದರ ಧೂಳು ಒರೆಸುತ್ತಿದ್ದ. ಜುಂಜಮ್ಮ ಕರಿ ಕಂಬಳಿ ಹಾಸಿದಳು. ಅವನು ಬಸ್ಸಿನ ಸೀಟಿನ ಮೇಲೆ ಕೂತಂತೆ ಅದರ ಮೇಲೆ ಕೂತ.

"ಇಲ್ಲಿ ನಿಮ್ಮ ಕಂಪನಿಯ ವ್ಯಾಪಾರ ನಡೀತಾ ಇದೆಯಾ?" ಎಂದು ಕೇಳಿದರು ಮೇಡಂ.

"ನಡೀತಾ ಐತೆ ಮೇಡಂ. ದಿನಾ ನಡೀತೈತೆ."

ಬಾಗಿಲ ಬಳಿ ಕುಕ್ಕರುಗಾಲಲ್ಲಿದ್ದ ಕಾಟಯ್ಯ ಎದ್ದು ನಿಂತ. ಅಂಗಳದಲ್ಲಿದ್ದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಷ್ಟು ದಿನ ಜುಂಜಮ್ಮ ಈ ಕಂಬಳಿಯೊಂದನ್ನೇ ನಂಬಿದ್ದಳು. ಅವನಿಗೆ ಅದು ಬರೀ ಕಂಬಳಿ ಎಂಬುದು ಅವಳ ತಲೆಗೇ ಹೊಳೆದಿರಲಿಲ್ಲ. ಎರಡು ಲೋಟ ಮಜ್ಜಿಗೆ ಕುಡಿದು ಉಂಡ ಮನೆಗೆ ಎರಡು ಬಗೆದವನ ಮೇಲಿನ ಸಿಟ್ಟಿಗಿಂತ, ಅಂಥವನಿಗಾಗಿ ಹನ್ನೊಂದು ತಿಂಗಳು ಮೂಲೆ ಗುಡಿಸಿದ ತನ್ನ ಮೇಲಿನ ಸಿಟ್ಟೇ ಹೆಚ್ಚಾಯಿತು. ಆದರೆ ಅವಳ ದನಿ ಏರಲಿಲ್ಲ.

"ಹಂಗಾರೆ ಮಾಡಪ್ಪ," ಎಂದಳು. "ನನ್ನ ಮಾತು ನಾನು ಮುರಿದಿಲ್ಲ. ಜಾಗ ಐತೆ ಅಂದಿದ್ದೆ. ಅಗಾ, ಆ ಮೂಲೆ. ನಿನಗೆ ಅಂತ ನನ್ನ ಉಣ್ಣೇನ ಕೊಟ್ಟಿಗೆಗೆ ಹಾಕಿ ಹುಳ ಹಿಡಿಸ್ದೆ. ದಿನಾ ವ್ಯಾಪಾರ ನಡೀತೈತೆ ಅಂದ್ಯಲ್ಲ, ಇವತ್ತಿಂದು ಈಗ ನಡೀಲಿ. ನಾವೂ ನೋಡ್ತೀವಿ. ಸರಕು ಎಲ್ಲೈತೆ?"

"ಸರಕು ಗೋಡೌನ್‌ನಲ್ಲಿ ಐತೆ."

"ಗೋಡೌನ್ ಎಲ್ಲಿದೆ?" ಮೇಡಂ ಕೇಳಿದರು.

ಲಕ್ಷ್ಮೀಕಾಂತ್ ಯಾವುದೋ ದೂರದ ಊರಿನ ಹೆಸರು ಹೇಳಿದ. ಅದು ಕರ್ನಾಟಕದಲ್ಲಿರಲಿಲ್ಲ. ಇಲ್ಲಿ ಹರಿದ ಒಂದು ಬಿಲ್ಲು ತೋರಿಸಿ ಎಂದರೆ ಫೋನು ತಡಕಾಡಿದ. ಮೇಡಂ ಎದ್ದುಹೋಗಿ ಆ ಮೂಲೆ ನೋಡಿದರು. ಸಾರಿಸಿದ ನೆಲದ ಮೇಲೆ ಒಂದು ಪೊರಕೆ ಇತ್ತು, ಅಷ್ಟೇ.

"ಕಂಪನಿಯವರು ಇಲ್ಲಿಗೆ ಎಷ್ಟು ಸಲ ಬಂದಿದ್ದಾರಮ್ಮ?"

"ಎರಡು ಸಲ ಮೇಡಂ. ಫೋಟೋಕ್ಕೆ ಒಂದ್ಸಲ, ಸುಳ್ಳಿಗೆ ಒಂದ್ಸಲ."

ಮೇಡಂ ನಗಲಿಲ್ಲ. ಈ ವಿಳಾಸದಲ್ಲಿ ಸದರಿ ಕಂಪನಿಯ ಯಾವ ವ್ಯಾಪಾರವೂ ಕಂಡುಬಂದಿಲ್ಲ ಎಂದು ಬರೆದು, ಓದಿ ಹೇಳಿ, ಜುಂಜಮ್ಮನ ಮುಂದಿಟ್ಟರು. ಇದರಲ್ಲಿ ಮುರಿಯುವ ಮಾತೇನೂ ಇರಲಿಲ್ಲ. ಜುಂಜಮ್ಮ ಸಹಿ ಹಾಕಿದಳು.

ಲಕ್ಷ್ಮೀಕಾಂತ್ ಪ್ಯಾಂಟು ಕೊಡವಿಕೊಂಡು ಎದ್ದ. "ಒಂದು ಅಡ್ರೆಸ್ಸಿಗೆ ಇಷ್ಟೆಲ್ಲ ಮಾಡ್ತೀರಲ್ಲಮ್ಮ. ಎಲ್ಲಾ ಕಡೆ ನಡೆಯಾದು ಹಿಂಗೇ."

ಜುಂಜಮ್ಮ ಗೋಡೆಯ ಬೋರ್ಡು ಕಿತ್ತು ತಂದು ಅವನ ಎದೆಗೆ ಒತ್ತಿದಳು. "ನಿಮ್ಮ ಕಂಪನಿ ಪೂರ್ತಿ ಇದರಾಗೇ ಐತೆ. ಮರೀದೆ ತಗಂಡು ಹೋಗು."

ಹಿಮಕಾಂತ್ ಕಂಪನಿಯ ನೋಂದಣಿ ರದ್ದಾಯಿತು. ಹೆಂಗಸರ ನಂಬರು ಬಂದದ್ದು ಇಪ್ಪತ್ತೊಂಬತ್ತನೇ ತಾರೀಖು. ಊಟಿಯ ಮೊದಲ ಬಿಲ್ಲು ಮಾರನೆಯ ದಿನವೇ ಹರಿಯಿತು. ಹೊಸ ಬೋರ್ಡನ್ನು ಅದೇ ಮೊಳೆಗಳಿಗೆ ಹಾಕಾಣ ಎಂದ ಕಾಟಯ್ಯನಿಂದಲೇ ಜುಂಜಮ್ಮ ಅವೆರಡನ್ನೂ ಕೀಳಿಸಿದಳು. ಸುಳ್ಳು ಕೇಳಿದ ಆ ಕಂಬಳಿಯನ್ನು ಮತ್ತೆ ಮಾತಿಗೆ ಹಾಸಲಿಲ್ಲ. ಕುರಿಮರಿಗಳ ಗೂಡಿಗೆ ಹಾಕಿ ಹೊಸದೊಂದನ್ನು ನೇಯ್ದಳು.

ನಂಬರಿನ ಕಾಗದ ಕೊಡಲು ಹಟ್ಟಿಗೆ ಬಂದ ಶಾಹೀನ್ ಆ ಹೊಸ ಕಂಬಳಿಯ ಮೇಲೆ ಕೂತು ಫೋನು ತೆರೆದಳು. ಜುಂಜಮ್ಮನ ಫೋಟೋ ಅಲ್ಲಿ ಇನ್ನೂ ಇತ್ತು. ಮಿಲ್ಲಿನ ಕಂಬಳಿಗಳ ಪಕ್ಕದಲ್ಲಿ ಇನ್ನೂ ನಗುತ್ತಿದ್ದಳು.

"ಅಡ್ರೆಸ್ ತೆಗ್ದಾರೆ, ಫೋಟೋ ತೆಗ್ದಿಲ್ಲ," ಎಂದಳು ಶಾಹೀನ್. "ಅದಕ್ಕೆ ಬೇರೆ ಅರ್ಜಿ, ಬೇರೆ ಆಫೀಸು. ವರ್ಷಗಟ್ಟಲೆ ಅಲೀಬೇಕಾಗ್ತದೆ ಜುಂಜಕ್ಕ. ಸಾಕು ಬಿಡಾಣ ಅಂದ್ರೆ ಬಿಡಾಣ."

ಜುಂಜಮ್ಮ ಫೋನು ಹತ್ತಿರಕ್ಕೆ ಎಳೆದುಕೊಂಡು ಆ ಮುಖ ನೋಡಿದಳು.

"ಅರ್ಜಿ ಬರಿ ತಾಯಿ," ಎಂದಳು. "ನಾನು ನಕ್ಕಿದ್ದು ಮನೆಗೆ ಬಂದೋರಿಗೆ, ಮಿಲ್ಲಿನ ಕಂಬಳಿ ಮಾರಾಕಲ್ಲ."