ಬೈಯದ ನಂಬರು

ತಿರುಪಿಗೆ ಸಿಟ್ಟು ಮೂಗಿನ ತುದಿಯಲ್ಲಿ, ಸ್ಕ್ರೂಡ್ರೈವರ್ ಅಂಗಿಯ ಜೇಬಿನಲ್ಲಿ. ಯಾವುದು ಮೊದಲು ಹೊರಗೆ ಬರುತ್ತದೆಂದು ಹೆತ್ತ ತಾಯಿಗೂ ಹೇಳಲಾಗುತ್ತಿರಲಿಲ್ಲ. ಆ ಹೆಸರಿಟ್ಟವರು ಬೀದಿಯ ಹುಡುಗರು. ತಲೆಯಲ್ಲಿ ಒಂದು ತಿರುಪು ಸಡಿಲ ಎಂದು ಹಂಗಿಸಲು ಇಟ್ಟರು. ಅವನು ಅದನ್ನೇ ಬೋರ್ಡಿನ ಮೇಲೆ ಬರೆಸಿ ಅಂಗಡಿಗೆ ತೂಗುಹಾಕಿದ. ಮೆಟ್ಟಿಲ ಕೆಳಗಿನ ಅಂಗಡಿ, ನೆಟ್ಟಗೆ ನಿಂತರೆ ತಲೆ ಬಡಿಯುವಂಥದ್ದು. ಅಲ್ಲಿ ಕೂತು ಬಿಡಿಭಾಗ ತಂದು ಕಂಪ್ಯೂಟರ್ ಜೋಡಿಸುತ್ತಿದ್ದ. ಯಾವ ಮೇಷ್ಟರೂ ಹೇಳಿಕೊಟ್ಟದ್ದಲ್ಲ. ಶಾಲೆಗೆ ಬೆನ್ನು ಹಾಕಿ ಬಂದವನು ಗುಜರಿಯಿಂದ ಸತ್ತ ಬೋರ್ಡು ಹೆಕ್ಕಿ ತಂದು, ಬಿಚ್ಚಿ, ಕೂಡಿಸಿ, ಕೈ ಸುಟ್ಟುಕೊಂಡು ಕಲಿತದ್ದು.

ಹಾಗಾಗಿ ಕಂಪನಿಯ ಪೆಟ್ಟಿಗೆಯಲ್ಲಿ ಸಿದ್ಧವಾಗಿ ಬರುವ ಕಂಪ್ಯೂಟರ್ ಕಂಡರೆ ಅವನಿಗೆ ಮೈಯೆಲ್ಲ ಉರಿ. "ಮೇಲೆ ಥಳಕು, ಒಳಗೆ ಹುಳುಕು. ಜನ ದುಡ್ಡು ಕೊಡೋದು ಹಣೆ ಮೇಲಿರೋ ಹೆಸರಿಗೆ" ಎನ್ನುತ್ತಿದ್ದ. ಯಾರು ಕೇಳಲಿ ಬಿಡಲಿ, ಎನ್ನುತ್ತಲೇ ಇದ್ದ.

ಅಂಥವನು ಅವತ್ತು ಅಮ್ಮ ಕೊಟ್ಟ ಚೀಲ ತಲುಪಿಸಲು ಚಿಕ್ಕಮ್ಮನ ಕೆಲಸದ ಕೋಣೆಗೆ ಹೋದ. ಚಿಕ್ಕಮ್ಮನದು ಬಟ್ಟೆಯ ಮೇಲೆ ಹೆಸರು, ಗುರುತು ಹೊಲಿದುಕೊಡುವ ಕಸುಬು. ಕಂಪ್ಯೂಟರಿನಲ್ಲಿ ಅಕ್ಷರ ಬಿಡಿಸಿ ಕಳಿಸಿದರೆ ಪಕ್ಕದ ಕಸೂತಿ ಯಂತ್ರ ಟಕಟಕನೆ ಹೊಲಿಯುತ್ತದೆ. ಯಂತ್ರ ನೋಡಿಕೊಳ್ಳುವವಳನ್ನು ಎಲ್ಲರೂ ದಾರದಕ್ಕ ಎನ್ನುತ್ತಿದ್ದರು. ಬಾಯಿಯೂ ದಾರದ ಹಾಗೇ, ಎಳೆದಷ್ಟೂ ಬರುತ್ತಿತ್ತು.

ಬಾಗಿಲಲ್ಲೇ ಅವನ ಕಾಲು ನಿಂತಿತು. ಮೇಜಿನ ಮೇಲೆ ಹಾಲಿನಂತೆ ಬಿಳಿ ಬಣ್ಣದ, ಹೊಚ್ಚ ಹೊಸ ಕಂಪನಿ ಕಂಪ್ಯೂಟರ್. ಅವನು ಪಟ್ಟಾಗಿ ಕೂತು ಜೋಡಿಸಿಕೊಟ್ಟಿದ್ದ ಕರಿಯ ಡಬ್ಬ ಮೂಲೆಯ ನೆಲದಲ್ಲಿ. ಅದರ ಮೇಲೊಂದು ಹಳೆ ಬಟ್ಟೆ, ಬಟ್ಟೆಯ ಮೇಲೆ ದಾರದ ಉಂಡೆಗಳ ಬುಟ್ಟಿ.

"ಇದೇನಿದು ಚಿಕ್ಕಮ್ಮಾ?"

ಚಿಕ್ಕಮ್ಮ ಕಳ್ಳಿಯ ಹಾಗೆ ನಕ್ಕಳು. "ತಗೊಂಡೆ ಕಣೋ. ವಾರಂಟಿ ಇದೆ. ಏನಾದ್ರೂ ಆದ್ರೆ ಫೋನ್ ಮಾಡೋಕೆ ನಂಬರ್ ಕೊಟ್ಟಿದಾರೆ."

"ನಂಬರ್ ನಂದೂ ಇದ್ಯಲ್ಲ! ನಾನೇನು ಸತ್ತು ಹೋಗಿದ್ನಾ?"

"ಬಿಡ್ತು ಅನ್ನು. ಈಗ ಜಗಳಕ್ಕೆ ಪುರುಸೊತ್ತಿಲ್ಲ, ಪರದೆ ಕಪ್ಪಾಗಿ ಕೂತಿದೆ."

ನಿಜ. ಹೊಸ ಕಂಪ್ಯೂಟರಿನ ಫ್ಯಾನು ತಿರುಗುತ್ತಿತ್ತು, ಮುಂದಿನ ದೀಪ ಕಿತ್ತಳೆ ಬಣ್ಣದಲ್ಲಿ ಮಿಣುಕುತ್ತಿತ್ತು, ಪರದೆ ಮಾತ್ರ ಅಮಾವಾಸ್ಯೆ. ಮೇಜಿನ ತುಂಬ ಬಿಳಿ ಕೋಟುಗಳ ರಾಶಿ. ಆಸ್ಪತ್ರೆಗೆ ಹೊಸದಾಗಿ ಸೇರಿದ ನರ್ಸುಗಳ ಕೋಟು. ಒಂದೊಂದರ ಎದೆಯ ಮೇಲೂ ಒಬ್ಬೊಬ್ಬಳ ಹೆಸರು ಬರಬೇಕು, ಸಂಜೆಗೆ ಆಸ್ಪತ್ರೆಯ ಗಾಡಿ ಬರುತ್ತದೆ. ಬರಿಗೈಯಲ್ಲಿ ವಾಪಸ್ಸು ಹೋದರೆ ಇನ್ನು ಆ ಕೆಲಸ ಚಿಕ್ಕಮ್ಮನ ಕೈಗೆ ಬರುವುದಿಲ್ಲ. ದಾರದಕ್ಕ ಯಂತ್ರಕ್ಕೆ ನೀಲಿ ದಾರ ಪೋಣಿಸಿ ಕೈಕಟ್ಟಿ ಕೂತಿದ್ದಳು.

ತಿರುಪು ದೀಪ ನೋಡಿದ, ಫ್ಯಾನಿಗೆ ಕಿವಿ ಕೊಟ್ಟ. "ಮೆಮೊರಿ ಪಟ್ಟಿ ಸಡಿಲ ಆಗಿದೆ. ತೆಗೆದು, ರಬ್ಬರಿಂದ ಉಜ್ಜಿ, ಮತ್ತೆ ಒತ್ತಿದ್ರೆ ಮುಗೀತು." ಸ್ಕ್ರೂಡ್ರೈವರ್ ಆಗಲೇ ಕೈಗೆ ಬಂದಿತ್ತು.

"ಮುಟ್ಬೇಡ!" ಚಿಕ್ಕಮ್ಮ ಹಸುಗೂಸನ್ನು ಕಾಯುವವಳಂತೆ ಕಂಪ್ಯೂಟರಿಗೆ ಅಡ್ಡ ನಿಂತಳು. "ಹಿಂದ್ಗಡೆ ಸೀಲ್ ಅಂಟಿಸಿದಾರೆ. ಅದು ಹರಿದ್ರೆ ವಾರಂಟಿ ಹೋಯ್ತು. ನಾನು ಅವರಿಗೇ ಫೋನ್ ಮಾಡ್ತೀನಿ."

"ಮಾಡು ಮಾಡು. ಇವತ್ತು ಬಾರಿಸಿದ ಗಂಟೆಗೆ ಮುಂದಿನ ಜನ್ಮದಲ್ಲಿ ಎತ್ತಿಕೊಳ್ತಾರೆ."

ಅವನು ಕೋಟಿನ ರಾಶಿಯ ಪಕ್ಕ ಸ್ಟೂಲೆಳೆದು ಕೂತ, ಪುಕ್ಕಟೆ ತಮಾಷೆ ನೋಡುವವನ ಹಾಗೆ. ಸ್ಪೀಕರಿಗೆ ಹಾಕಿದ ಫೋನಿನಲ್ಲಿ ಒಂದು ಒತ್ತಿ, ಎರಡು ಒತ್ತಿ ಎಂಬ ಧ್ವನಿ ಬಂತು, ಆಮೇಲೆ ಪಿಟೀಲು. ಪಿಟೀಲು ಮುಗಿದು ಮತ್ತೆ ಮೊದಲಿಂದ ಶುರುವಾಯಿತು. "ಸಂಗೀತ ಕಚೇರಿ ಚೆನ್ನಾಗಿದೆ, ಟಿಕೆಟ್ ಎಷ್ಟು?" ಎಂದ. ದಾರದಕ್ಕ ಕಿಸಕ್ಕನೆ ನಕ್ಕಳು.

ಅಷ್ಟರಲ್ಲಿ ಒಬ್ಬ ಹುಡುಗಿಯ ದನಿ. "ನಮಸ್ಕಾರ ಮೇಡಂ, ಹೇಳಿ."

ಚಿಕ್ಕಮ್ಮ ಹೇಳತೊಡಗಿದಳು. ತಿರುಪು ನಗಲು ತಯಾರಾಗಿದ್ದ, ನಗು ಅರ್ಧಕ್ಕೇ ನಿಂತಿತು. ಇವಳು ಹೀಗೆಲ್ಲ ಮಾತಾಡಿದ್ದನ್ನು ಅವನು ಕೇಳಿಯೇ ಇರಲಿಲ್ಲ. ದೀಪ ಮೊದಲು ಬಿಳಿ ಇತ್ತು, ಈಗ ಕಿತ್ತಳೆ. ನಿನ್ನೆ ಮೇಜು ಒರೆಸುವಾಗ ಡಬ್ಬ ಸ್ವಲ್ಪ ಜರುಗಿಸಿದ್ದೆ. ಫ್ಯಾನು ಎಂದಿಗಿಂತ ಜೋರು. ಒಂದನ್ನೂ ಬಿಡದೆ, ಸಾವಕಾಶವಾಗಿ, ಸರಿಯಾಗಿ. ಅವನಿಗೆ ಫೋನ್ ಮಾಡಿದಾಗಲೆಲ್ಲ "ಅದೇನೋ ಆಗಿದೆ ಕಣೋ" ಎಂಬುದರ ಮುಂದೆ ಒಂದು ಅಕ್ಷರ ಹೊರಡದಿದ್ದ ಹೆಂಗಸು ಇವಳೇನಾ?

"ಒಂದ್ನಿಮಿಷ, ತಂತಿ ಕಾಲಿಗೆ ಸಿಕ್ಕಿಕೊಂಡಿತು" ಎಂದಳು ಚಿಕ್ಕಮ್ಮ.

"ಪರವಾಗಿಲ್ಲ ಮೇಡಂ, ನಿಧಾನ. ನಾನು ಇಲ್ಲೇ ಇದೀನಿ."

ಹುಡುಗಿ ಹೇಳಿದ್ದನ್ನೆಲ್ಲ ಚಿಕ್ಕಮ್ಮ ಮಾಡಿದಳು. ಪರದೆ ಜಪ್ಪಯ್ಯ ಅನ್ನಲಿಲ್ಲ. ಕೊನೆಗೆ ಹುಡುಗಿ ದನಿ ಇಳಿಸಿ, "ಒಳಗಡೆ ನೋಡ್ಬೇಕಾಗುತ್ತೆ ಮೇಡಂ. ನಮ್ಮ ಕಡೆಯವರು ಸೋಮವಾರ ಬರ್ತಾರೆ" ಎಂದಳು.

ತಿರುಪು ಹಾರಿ ಬಂದು ಫೋನ್ ಕಿತ್ತುಕೊಂಡ. "ಏನಮ್ಮಾ, ಸೋಮವಾರ ಯಾಕೆ, ತಿಥಿಗಾ? ಮೆಮೊರಿ ಪಟ್ಟಿ ಸಡಿಲ ಅಂತ ನಿಂಗೊತ್ತಿಲ್ವಾ? ಎದುರಿಗೆ ಬರೆದಿಟ್ಟಿದ್ದನ್ನ ಗಿಳಿ ಥರ ಓದ್ತೀಯಲ್ಲ, ಅಷ್ಟೂ ತಿಳಿಯಲ್ವಾ?"

ಹುಡುಗಿ ಮೆಲ್ಲಗೆ ಹೇಳಿದಳು: "ಗೊತ್ತು ಸಾರ್. ಬಿಚ್ಚಿ ಅಂತ ಹೇಳೋ ಹಾಗಿಲ್ಲ. ಹೇಳಿದ್ರೆ ನನ್ನ ಕೆಲಸ ಹೋಗುತ್ತೆ."

ಚಿಕ್ಕಮ್ಮ ಫೋನ್ ವಾಪಸ್ಸು ತಗೊಂಡಳು. "ತಪ್ಪು ತಿಳ್ಕೋಬೇಡಮ್ಮ, ನಮ್ಮನೆ ಹುಡುಗ. ಸೋಮವಾರವೇ ಬರ್ಲಿ. ನೀನು ಊಟ ಮಾಡಿದ್ಯಾ?" ಎಂದು ಕೇಳಿ, ಉತ್ತರ ಕೇಳಿಸಿಕೊಂಡು, ಇಟ್ಟಳು. ಅವನ ಕಡೆ ತಿರುಗಿದಾಗ ಮುಖದಲ್ಲಿ ನಗು ಇರಲಿಲ್ಲ.

"ಇದೇನಿದು ಅಂತ ಕೇಳಿದ್ಯಲ್ಲ, ಕೊಂಡಿದ್ದು ಯಾಕೆ ಗೊತ್ತಾ? ಇದಕ್ಕೇ ಕಣೋ."

"ಯಾವುದಕ್ಕೆ?"

"ನೀನು ಮಾಡಿಕೊಟ್ಟಿದ್ದು ಚಿನ್ನದಂಥ ಕಂಪ್ಯೂಟರ್. ಅದು ಕೆಟ್ಟದ್ದು ಅಂತ ನಾನೆಲ್ಲೂ ಹೇಳಿಲ್ಲ. ಆದ್ರೆ ನಿಂಗೆ ಫೋನ್ ಮಾಡೋಕೆ ನಂಗೆ ಭಯ. ಫೋನ್ ಕೈಲಿ ಹಿಡ್ಕೊಂಡು, ಏನು ಹೇಳ್ಬೇಕು ಅಂತ ಬಾಯಿಪಾಠ ಮಾಡ್ತಿದ್ದೆ. ನೀನು 'ಹ್ಞೂ, ಈಗೇನು?' ಅಂದ ಕೂಡ್ಲೆ ಎಲ್ಲಾ ಮರೆತುಹೋಗೋದು. ಆಮೇಲೆ ಅದೇ ಮಾತು. ಅಷ್ಟೂ ತಿಳಿಯಲ್ವಾ, ಕಣ್ಣಿಲ್ವಾ."

"ಸ್ಪೀಕರಲ್ಲಿ ನಂಗೂ ಕೇಳ್ತಿತ್ತು" ಎಂದಳು ದಾರದಕ್ಕ, ಸೂಜಿಯಿಂದ ಕಣ್ಣೆತ್ತದೆ. "ನಂಗೂ ಸೇರಿಸೇ ಬೈತಿದ್ದಾನೇನೋ ಅನ್ಸೋದು."

ಅಷ್ಟೂ ತಿಳಿಯಲ್ವಾ. ಆ ಮಾತು ತಿರುಪಿನದಲ್ಲ. ಬೋರ್ಡಿನ ಮುಂದೆ ನಿಲ್ಲಿಸಿ, ಕೈಗೆ ಸೀಮೆಸುಣ್ಣ ಕೊಟ್ಟು, ಇಡೀ ತರಗತಿ ನಗುವ ಹಾಗೆ ಲೆಕ್ಕದ ಮೇಷ್ಟರು ಕೇಳುತ್ತಿದ್ದ ಮಾತು. ಆ ಮಾತಿಗೆ ಹೆದರಿಯೇ ಒಂದು ದಿನ ಅವನು ಶಾಲೆಯ ಗೇಟು ದಾಟಿದ್ದು. ದಾಟಿದವನು ಅದನ್ನು ಅಲ್ಲೇ ಬಿಟ್ಟು ಬರಬಾರದಿತ್ತೇ? ಗುಜರಿಯಿಂದ ಏನೇನು ಹೊತ್ತು ತಂದನೋ, ಇದನ್ನೂ ಹೊತ್ತು ತಂದಿದ್ದ. ತಂದು, ಅವನು ಮೂರು ಹೊತ್ತು ಉಂಡ ಮನೆಯ ಹೆಂಗಸಿಗೇ ಮಾರಿದ್ದ.

"ಹಳೇದನ್ನ ಎತ್ತೋಣ" ಎಂದ, ನೆಲ ನೋಡುತ್ತ. "ಹೆಸರುಗಳು ಎಲ್ಲಿವೆ?"

"ಪೆನ್‌ಡ್ರೈವಲ್ಲೂ ಇಟ್ಟಿದೀನಿ. ಹೋದ ಸಲ ಫೋನ್ ಮಾಡಿದಾಗ ಆ ನಂಬರಿನವರೇ ಹೇಳಿದ್ರು, ಇನ್ನೊಂದು ಕಡೆ ಇಟ್ಕೊಳ್ಳಿ ಅಂತ."

ಅವನು ಕರಿಯ ಡಬ್ಬದ ಮೇಲಿನ ಬುಟ್ಟಿ ಇಳಿಸಿ ಬಟ್ಟೆ ಸರಿಸಿದ. ಡಬ್ಬ ಎತ್ತಿ ಮೇಜಿನ ಮೇಲಿಟ್ಟು ತಂತಿಗೆ ಕೈ ಹಾಕಿದ.

"ಅಷ್ಟು ಸಾಕು" ಎಂದಳು ಚಿಕ್ಕಮ್ಮ. "ಇನ್ನು ನೀನು ಹೊರಗೆ ಹೋಗು."

"ಹಾಂ?"

"ಮೆಟ್ಟಿಲ ಹತ್ರ ನಿಂತ್ಕೊ. ನಾನು ಫೋನ್ ಮಾಡ್ತೀನಿ, ನೀನು ಹೇಳು. ನಿನ್ನ ಕೈಯಿಂದ ಆಗಿಹೋದ್ರೆ ನಾಳೆ ನಾನು ಮತ್ತೆ ಅಲ್ಲೇ. ದನಿ ಏರಿಸಿದ್ರೆ ಫೋನ್ ಇಡ್ತೀನಿ, ನೋಡು."

"ಗಾಡಿ ಬರೋ ಹೊತ್ತಲ್ಲಿ ಆಟ ಆಡ್ತೀಯಾ ಚಿಕ್ಕಮ್ಮಾ?"

"ಹೊರಗೆ."

ದಾರದಕ್ಕ ಎದ್ದು ಬಾಗಿಲು ತೆರೆದಳು. "ಹೋಗಿ ಸಾರ್, ಲೈನಲ್ಲಿ ಇರಿ. ಬೇಕಾದ್ರೆ ಪಿಟೀಲು ನಾನು ಬಾರಿಸ್ತೀನಿ."

ಅವನು ಮೆಟ್ಟಿಲ ತಿರುವಿನಲ್ಲಿ ನಿಂತ. ಜೇಬಿನಲ್ಲಿ ಫೋನ್ ಗುಂಯ್ ಎಂದಿತು. "ಹ್ಞೂ, ಈಗೇನು" ನಾಲಿಗೆಯ ತುದಿಗೆ ಬಂದಿತ್ತು. ಕಹಿ ಗುಳಿಗೆಯ ಹಾಗೆ ನುಂಗಿದ. "ಹೇಳಿ."

"ಪರದೆ ತಂತಿ ಎಲ್ಲಿ ಹಾಕ್ಲಿ? ಒಂದೇ ಥರದ್ದು ಎರಡು ತೂತಿದೆ. ಒಂದು ಮೇಲೆ, ಒಂದು ಕೆಳಗೆ."

ಮೇಲಿನದು ಬೋರ್ಡಿನದು, ಅದರಲ್ಲಿ ಏನೂ ಬರುವುದಿಲ್ಲ. ಕೆಳಗಿನದು ಅವನು ಬೇರೆಯಾಗಿ ಕೂಡಿಸಿದ ಕಾರ್ಡಿನದು, ಚಿತ್ರ ಬರುವುದು ಅದರಲ್ಲಿ. ಇದನ್ನು ಅವನು ಎಷ್ಟು ಸಲ ಕೂಗಿ ಹೇಳಿರಲಿಲ್ಲ! ಆದರೆ ಬರಿಯ ಮಾತು ಕೇಳಿ ಅವಳ ಕಣ್ಣಿನಿಂದ ನೋಡಿದಾಗ ಮೊದಲ ಸಲ ಕಂಡಿತು: ಎರಡೂ ಒಂದೇ ಅಚ್ಚು. ಮೇಲಿನದಕ್ಕೆ ಒಂದು ಚೂರು ಟೇಪು ಅಂಟಿಸಿದ್ದರೆ ಮುಗಿಯುತ್ತಿತ್ತು.

"ಕೆಳಗಿಂದು" ಎಂದ. "ಮೇಲಿಂದು ಸುಮ್ನೆ. ಅದನ್ನ ನಾನೇ ಮುಚ್ಚಿಡಬೇಕಿತ್ತು."

"ಹಾಕ್ದೆ. ಈಗ್ಲೂ ದೊಡ್ಡ ಗುಂಡೀನೇ ಒತ್ತಿದೀನಿ, ಏನೂ ಆಗ್ಲಿಲ್ಲ."

"ದೊಡ್ಡದಲ್ಲ. ಪಕ್ಕದಲ್ಲಿ ಪುಟ್ಟದೊಂದಿದೆ ನೋಡಿ."

"ಶುರು ಮಾಡೋ ಗುಂಡಿ ಇಷ್ಟು ದೊಡ್ಡದಾಗಿ ಎದುರಿಗಿರುವಾಗ ಪುಟ್ಟದನ್ನ ಯಾಕೆ ಒತ್ತಬೇಕು? ಅವತ್ತಿಂದ ಕೇಳ್ಬೇಕು ಅಂತಿದ್ದೆ."

ತಿರುಪು ಗೋಡೆಗೆ ಒರಗಿದ. ದೊಡ್ಡ ಗುಂಡಿ ಜೋಡಿಸುವಾಗಲೇ ಮುರಿದಿತ್ತು. ಹೊಸದು ತರುವ ಸೋಮಾರಿತನಕ್ಕೆ ಅದರ ತಂತಿಯನ್ನು ಪುಟ್ಟ ಗುಂಡಿಗೆ ಸಿಕ್ಕಿಸಿಬಿಟ್ಟಿದ್ದ. ಅವನಿಗೆ ಗೊತ್ತಿತ್ತು, ಅವನಿಗೆ ಗೊತ್ತಿದ್ದ ಮೇಲೆ ಲೋಕಕ್ಕೆಲ್ಲ ಗೊತ್ತೇ ಎಂದುಕೊಂಡಿದ್ದ.

"ದೊಡ್ಡದು ಮುರಿದಿದೆ" ಎಂದ. "ನಾನು ಹೇಳ್ಲಿಲ್ಲ. ತಪ್ಪು ನಿಮ್ದಲ್ಲ."

ಆ ಕಡೆಯಿಂದ ಪುಟ್ಟ ಗುಂಡಿಯ ಸದ್ದು, ಅವನು ಜೋಡಿಸಿದ ಫ್ಯಾನಿನ ಸದ್ದು. ಸಾವಿರ ಫ್ಯಾನುಗಳಲ್ಲೂ ಅದನ್ನು ಅವನು ಗುರುತಿಸಬಲ್ಲ. "ಬಂತು ಬಂತು!" ಎಂದು ದಾರದಕ್ಕ ಕೂಗಿದಳು. ಪೆನ್‌ಡ್ರೈವ್ ಎಲ್ಲಿ ಹಾಕಬೇಕೆಂದು ಚಿಕ್ಕಮ್ಮ ಕೇಳಲೇ ಇಲ್ಲ, ಅವಳಿಗೆ ಗೊತ್ತಿತ್ತು. ಸ್ವಲ್ಪ ಹೊತ್ತಿಗೆ ಕಸೂತಿ ಯಂತ್ರ ಟಕಟಕ ಶುರುಮಾಡಿತು. ಮೊದಲ ಕೋಟಿನ ಎದೆಯ ಮೇಲೆ ಯಾವುದೋ ಹುಡುಗಿಯ ಹೆಸರು ನೀಲಿಯಲ್ಲಿ ಮೂಡುತ್ತಿದ್ದಿರಬೇಕು. ಗಾಡಿಗೆ ಇನ್ನೂ ಹೊತ್ತಿತ್ತು.

ಅವನು ಫೋನ್ ಕಿವಿಯಿಂದ ತೆಗೆಯಲು ಹೋದ.

"ಇಟ್ಬಿಟ್ಯಾ?" ಎಂದಳು ಚಿಕ್ಕಮ್ಮ.

"ಇಲ್ಲ."

"ಇನ್ನೊಂದು ಕೇಳ್ಲಾ? ಪೆದ್ದು ಪ್ರಶ್ನೆ. ಆ ಹುಡುಗೀನ ಕೇಳೋಕೂ ನಾಚಿಕೆ ಆಯ್ತು. ಈ ಕಾಪಿ ಅಂತ ಒತ್ತುತೀವಲ್ಲ, ಮತ್ತೆ ಪೇಸ್ಟ್ ಅಂತ ಒತ್ತೋವರೆಗೂ... ಮಧ್ಯದಲ್ಲಿ ಆ ಅಕ್ಷರ ಎಲ್ಲಿರುತ್ತೆ?"

ತಿರುಪಿಗೆ ಉತ್ತರ ಗೊತ್ತಿತ್ತು. ಹೇಳುವುದು ಹೇಗೆಂದು ಗೊತ್ತಿರಲಿಲ್ಲ. ಮೆಟ್ಟಿಲ ಮೇಲೆ ಕೂತ, ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದ.

"ಪೆದ್ದಲ್ಲ ಅದು" ಎಂದ. "ತಾಳಿ, ಯೋಚನೆ ಮಾಡಿ ಹೇಳ್ತೀನಿ."