ಕೆಂಪು ರಿಬ್ಬನ್ ಇದ್ದ ಪುಟ

ಬೀದಿಯವರು ಆ ಅಣ್ಣತಮ್ಮಂದಿರಿಗೆ ದೊಡ್ಡ ಮುಳ್ಳು, ಚಿಕ್ಕ ಮುಳ್ಳು ಎಂದು ಹೆಸರಿಟ್ಟಿದ್ದರು. ಇಬ್ಬರೂ ಗಡಿಯಾರ ರಿಪೇರಿಯವರು. ಅಣ್ಣ ಉದ್ದ, ತಮ್ಮ ಗಿಡ್ಡ. ಮೂವತ್ತು ವರ್ಷ ಒಂದೇ ಮೇಜಿನ ಎರಡು ತುದಿಗೆ ಕೂತು ಕೆಲಸ ಮಾಡಿದವರು ಎರಡು ವರ್ಷದಿಂದ ಎದುರುಬದುರು ಅಂಗಡಿಗಳಲ್ಲಿ ಕೂತಿದ್ದರು. ನಡುವೆ ಇದ್ದದ್ದು ಹತ್ತು ಹೆಜ್ಜೆಯ ರಸ್ತೆ ಮತ್ತು ಚಿಕ್ಕ ಮುಳ್ಳಿನ ಬಾಯಿಂದ ಜಾರಿದ ಒಂದು ಮಾತು. ಗಿರಾಕಿಯೊಬ್ಬ ತಾತನ ಕಾಲದ ವಾಚನ್ನು ಅಣ್ಣನ ಕೈಗೆ ಕೊಡಲು ಹೋದಾಗ ತಮ್ಮ, "ನನಗೆ ಕೊಡಿ, ಅಣ್ಣನ ಕೈ ನಡುಗುತ್ತೆ" ಎಂದುಬಿಟ್ಟಿದ್ದ. ಅಣ್ಣ ಅವತ್ತೇ ತನ್ನ ಚಿಮಟ, ಭೂತಗನ್ನಡಿ ಎತ್ತಿಕೊಂಡು ರಸ್ತೆ ದಾಟಿದ್ದ. ಈಗ ಆ ಅಂಗಡಿಯನ್ನೂ ಮುಚ್ಚಿ, ಬರುವ ವಾರದ ಶನಿವಾರ ಮಗಳ ಊರಿಗೆ ರೈಲು ಹತ್ತುವವನಿದ್ದ.

ಚಿಕ್ಕ ಮುಳ್ಳಿನ ಹೆಂಡತಿಗೆ ಇದೇ ಸಂಕಟ. ಭಾವ ಹೀಗೇ ಹೊರಟುಹೋದರೆ ಇನ್ನು ಇವರಿಬ್ಬರು ಮಾತಾಡುವುದು ಸ್ವರ್ಗದಲ್ಲೇ, ಅದೂ ಇಬ್ಬರಿಗೂ ಅಲ್ಲಿ ಜಾಗ ಸಿಕ್ಕರೆ. ಅವಳು ಅಂಗಡಿಯ ಹಿಂದೆಯೇ ಇದ್ದ ಮನೆಯಲ್ಲಿ ಪರದೆ ಹೊಲಿಯುತ್ತಿದ್ದಳು, ಯಾರೋ ಮಾರಿದ ಹಳೇ ಹೊಲಿಗೆ ಯಂತ್ರದಲ್ಲಿ. ಅಮ್ಮನ ಒಳ್ಳೇ ಯಂತ್ರ ಅಕ್ಕನ ಪಾಲಾಗಿ, ಅವಳ ಮನೆಯಲ್ಲಿ ಹೂಕುಂಡ ಹೊತ್ತು ನಿಂತಿತ್ತು. ಯಾರಾದರೂ ಆ ಸುದ್ದಿ ಎತ್ತಿದರೆ ಇವಳು ಎದ್ದು ಒಳಗೆ ಹೋಗುತ್ತಿದ್ದಳು.

ಇನ್ನು ಗಂಡನ ಬೈಬಲ್ ಓದು. ಹನ್ನೊಂದು ವರ್ಷದಲ್ಲಿ ಒಂದು ದಿನವೂ ತಪ್ಪಿದ್ದಿಲ್ಲ. ಹಲ್ಲು ಕಿತ್ತಿಸಿಕೊಂಡ ದಿನ ಬಾಯಲ್ಲಿ ಹತ್ತಿ ಕಚ್ಚಿಕೊಂಡೇ ಓದಿದ್ದ. ಯಾರ ಮಗ ಯಾರು ಎಂಬ ಉದ್ದನೆಯ ಪಟ್ಟಿ ಅವತ್ತೇ ಬಂದಿದ್ದರಿಂದ ಹೆಂಡತಿಗೆ ಒಂದು ಹೆಸರೂ ತಿಳಿದಿರಲಿಲ್ಲ. ಬೆಳಿಗ್ಗೆ ಆರಕ್ಕೆ ಕೆಂಪು ರಿಬ್ಬನ್ ಇದ್ದ ಪುಟ ತೆಗೆದು ಗಟ್ಟಿಯಾಗಿ ಓದುವುದು, ವಾಚು ನೋಡಿಕೊಂಡು ಹತ್ತು ನಿಮಿಷ ಕಣ್ಣುಮುಚ್ಚಿ ಧ್ಯಾನ, ಆಮೇಲೆ ನೋಟುಬುಕ್ಕಿನಲ್ಲಿ 'ಇವತ್ತಿನ ಪಾಠ' ಬರೆದು ಹೆಂಡತಿಗೆ ಓದಿ ಹೇಳುವುದು. ಧ್ಯಾನದಲ್ಲಿ ಒಮ್ಮೊಮ್ಮೆ ಗೊರಕೆಯೂ ಬರುತ್ತಿತ್ತು. ಅದನ್ನು ಅವಳು ಲೆಕ್ಕಕ್ಕಿಟ್ಟಿರಲಿಲ್ಲ.

ಆ ಬುಧವಾರ ಓದು ಮತ್ತಾಯನ ಐದನೆಯ ಅಧ್ಯಾಯಕ್ಕೆ ಬಂತು. ದೇವರಿಗೆ ಕಾಣಿಕೆ ಕೊಡಲು ಹೋದವನಿಗೆ ತನ್ನಿಂದ ಸಹೋದರನ ಮನಸ್ಸು ನೊಂದದ್ದು ನೆನಪಾದರೆ, ಕಾಣಿಕೆ ಅಲ್ಲೇ ಬಿಟ್ಟು ಮೊದಲು ಹೋಗಿ ರಾಜಿಯಾಗಿ ಬರಲಿ ಎನ್ನುವ ಮಾತು. ಅವಳು ಗಂಡನ ಮುಖವನ್ನೇ ನೋಡುತ್ತಾ ಕೂತಳು. ಗಂಡ ಗೊರಕೆಯಿಲ್ಲದೆ ಧ್ಯಾನ ಮಾಡಿ, ಬರೆದು, ಗಂಟಲು ಸರಿಮಾಡಿಕೊಂಡು ಓದಿದ.

"ಇವತ್ತಿನ ಪಾಠ. ಬೇಕರಿಯವನೂ ಅವನ ಷಡ್ಡಕನೂ ಆರು ತಿಂಗಳಿಂದ ಮಾತು ಬಿಟ್ಟಿದ್ದಾರೆ. ಈ ಮಾತು ಅವರಿಗೆ ಮುಟ್ಟಬೇಕು."

"ಬೇರೆ ಯಾರೂ ನೆನಪಾಗಲಿಲ್ವಾ?"

"ಯಾಕೆ, ಇನ್ನೂ ಯಾರಾದ್ರೂ ಇದ್ದಾರಾ?" ಎಂದು ಅವನು ಪೆನ್ನು ತೆಗೆದ.

ಕುಂಬಳಕಾಯಿ ಕಳ್ಳ ಎಂದರೆ ಜನ ತಮ್ಮ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರೆ. ಈ ಮನುಷ್ಯ ಪಕ್ಕದವನ ಹೆಗಲು ಮುಟ್ಟಿ ನೋಡುತ್ತಾನಲ್ಲ ಎಂದು ಅವಳು ಹಣೆ ಚಚ್ಚಿಕೊಂಡಳು. ಅವನು ಅಂಗಡಿಗೆ ಹೋದ ಮೇಲೆ ಬೈಬಲ್ ತೆಗೆದು, ಮುಂದಕ್ಕೆ ಹೋಗಿದ್ದ ರಿಬ್ಬನ್ನನ್ನು ಅದೇ ಪುಟಕ್ಕೆ ತಂದಿಟ್ಟಳು. ಇದು ಮೋಸ ಅಲ್ಲ ದೇವರೇ, ಸಹಾಯ, ಎಂದು ಪ್ರಾರ್ಥನೆಯನ್ನೂ ಮಾಡಿದಳು.

ಗುರುವಾರ ಅವನು ಅದೇ ಪುಟವನ್ನು ಅಷ್ಟೇ ಭಕ್ತಿಯಿಂದ ಓದಿದ. ಪಾಠ ಚರ್ಚಿನ ಗಾಯನ ತಂಡದ ಇಬ್ಬರು ಹೆಂಗಸರಿಗೆ ಹೋಯಿತು. ಮುಂದಿನ ಸಾಲಿನಲ್ಲಿ ಯಾರು ನಿಲ್ಲಬೇಕೆಂದು ಕಿತ್ತಾಡಿಕೊಂಡವರು. ಶುಕ್ರವಾರ ಕ್ಷೌರದವನಿಗೂ ಅವನ ಚಿಕ್ಕಪ್ಪನ ಮಗನಿಗೂ. ಬರೆದು ಸುಮ್ಮನಿದ್ದರೆ ಆಗುತ್ತಿತ್ತು. ಚಿಕ್ಕ ಮುಳ್ಳು ದಿನಾ ಸಂಜೆ ಹೋಗಿ ಅವರವರಿಗೆ ಉಪದೇಶ ಮಾಡಿಯೂ ಬಂದ. ಆಶ್ಚರ್ಯವೆಂದರೆ ಎಲ್ಲರೂ ಕೇಳಿದರು. ಬೇಕರಿಯವನು ಷಡ್ಡಕನ ಜೊತೆ ಬಂದು ಬಿಸಿ ಬ್ರೆಡ್ಡು ಕೊಟ್ಟುಹೋದ. ಗಾಯನದ ಹೆಂಗಸರು ಒಬ್ಬರ ಸೊಂಟ ಒಬ್ಬರು ಹಿಡಿದು ಮುಂದಿನ ಸಾಲಿನಲ್ಲೇ ನಿಂತರು. ಮಂಗಳವಾರದ ಹೊತ್ತಿಗೆ ಬೀದಿಯೆಲ್ಲ ಬಾಯಿ ಬಿಚ್ಚಿ ಮಾತಾಡುತ್ತಿತ್ತು. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದುಕೊಂಡು ಅವಳು ಅದೇ ಬ್ರೆಡ್ಡನ್ನು ಸಿಟ್ಟಿನಿಂದ ಕೊಯ್ದಳು. ಎದುರಂಗಡಿಯಲ್ಲಿ ಭಾವ ಪೆಟ್ಟಿಗೆಗೆ ಹಗ್ಗ ಕಟ್ಟುತ್ತಿದ್ದ. ಅವಳಿಗೆ ಅಳುವೇ ಬಂತು.

ಹತ್ತನೆಯ ದಿನ ಶುಕ್ರವಾರ. ಅದೇ ಪುಟ, ಅದೇ ಧ್ಯಾನ. ಆದರೆ ಪೆನ್ನು ಓಡಲಿಲ್ಲ. ಬೀದಿಯಲ್ಲಿ ಜಗಳವಾಡಿದವರು ಯಾರೂ ಉಳಿದಿರಲಿಲ್ಲ. ಈಗ ದಾರಿಗೆ ಬಂದ ಎಂದು ಅವಳು ಉಸಿರು ಬಿಗಿಹಿಡಿದು ಕೂತಳು. ಕೊನೆಗೆ ಅವನು ಒಂದೇ ಸಾಲು ಬರೆದು ಪುಸ್ತಕ ಮುಚ್ಚಿದ.

"ಓದಿ."

"ಬೇಡ ಬಿಡು. ನಿನಗೆ ಬೇಜಾರಾಗುತ್ತೆ."

"ನನಗ್ಯಾಕೆ ಬೇಜಾರು? ಓದಿ ಅಂದೆ."

"ಇವತ್ತಿನ ಪಾಠ. ಅಕ್ಕನಿಗೆ ಫೋನ್ ಮಾಡೋಕೆ ನನ್ನ ಹೆಂಡತಿಗೆ ದೇವರು ಧೈರ್ಯ ಕೊಡಲಿ."

ಅವಳು ಬೈಬಲ್ ಕಡೆ ನೋಡಿದಳು.

"ರಿಬ್ಬನ್ ಹಿಂದಕ್ಕೆ ಬರ್ತಿರೋದು ನನಗೆ ಗೊತ್ತಾಗಲ್ವೇನೇ?" ಎಂದ ಅವನು ಮೆಲ್ಲಗೆ. "ಕೂದಲೆಳೆಯಷ್ಟು ಸರಿದರೂ ಕಾಣೋ ಕಣ್ಣು ಇದು. ಪಾಪ, ಬಾಯಿಬಿಟ್ಟು ಹೇಳೋಕಾಗದೆ ಈ ಮಾತನ್ನೇ ಮತ್ತೆ ಮತ್ತೆ ಕೇಳಬೇಕು ಅಂತಿದ್ದಾಳೆ ಅಂದ್ಕೊಂಡೆ. ಅದಕ್ಕೇ ಓದ್ತಾ ಬಂದೆ. ನಿನಗೆ ನಾಚಿಕೆ ಆಗದಿರಲಿ ಅಂತ ಬೇರೆಯವರ ಹೆಸರು ಬರೆದೆ."

ಅವಳ ಕೈ ತಾನಾಗಿಯೇ ಹೆಗಲಿಗೆ ಹೋಯಿತು. ಒಂಬತ್ತು ದಿನ ತಾನೇ ಆ ಪುಟ ತೆಗೆದಿಟ್ಟಿದ್ದಳು. ಒಂದು ದಿನವೂ ಅಕ್ಕನ ಮುಖ ಕಣ್ಣ ಮುಂದೆ ಬಂದಿರಲಿಲ್ಲ. ನಾಚಿಕೆಯೂ ಆಯಿತು, ನಗುವೂ ಬಂತು.

"ರೀ, ನಾನು ಅದನ್ನ ಇಟ್ಟಿದ್ದು ನಿಮಗೆ. ಭಾವ ನಾಳೆ ಹೋಗ್ತಿದ್ದಾರೆ."

"ನನಗಾ?" ಅವನಿಗೆ ನಿಜವಾಗಿಯೂ ಆಶ್ಚರ್ಯ. ಆಮೇಲೆ ಮುಖ ಸಣ್ಣದಾಯಿತು. "ನಾನೇನು ಸುಳ್ಳು ಹೇಳಿದ್ನಾ? ಅವನ ಕೈ ನಡುಗ್ತಾನೇ ಇತ್ತು."

"ನಿಜಾನೇ. ಅಮ್ಮ ತನ್ನ ಕೈಯಾರೆ ಅಕ್ಕನಿಗೆ ಆ ಯಂತ್ರ ಕೊಟ್ಟಿದ್ದೂ ನಿಜಾನೇ. ಇಬ್ರೂ ನಿಜ ಇಟ್ಕೊಂಡು ಏನು ಮಾಡೋಣ ಹೇಳಿ."

ಆಮೇಲೆ ಚೌಕಾಸಿ ಶುರುವಾಯಿತು. ನೀನು ಮೊದಲು ಫೋನ್ ಮಾಡು ಎಂದು ಅವನು, ನೀವು ಮೊದಲು ರಸ್ತೆ ದಾಟಿ ಎಂದು ಅವಳು. ಏಳು ಹೊಡೆದ ಕೂಡಲೇ ಇಬ್ಬರೂ ಒಟ್ಟಿಗೆ ಎಂದು ತೀರ್ಮಾನವಾಯಿತು. ರಿಪೇರಿಗೆ ಬಂದ ಗಡಿಯಾರಗಳ ಅಂಗಡಿಯಲ್ಲಿ ಏಳು ಎನ್ನುವುದು ಒಂದೇ ಸಲ ಬರುವುದಿಲ್ಲ. ಮೊದಲನೆಯದು ಹೊಡೆದಾಗ ಇಬ್ಬರೂ ಕಿವುಡರಂತೆ ಕೂತರು. ಎರಡನೆಯದು, ಐದನೆಯದು, ಒಂಬತ್ತನೆಯದೂ ಹೊಡೆದವು. ಗೋಡೆಯ ಮುದಿ ಗಡಿಯಾರ ಕೆಮ್ಮುತ್ತಾ ಏಳು ಮುಗಿಸಿದಾಗ ಇನ್ನು ನೆಪ ಉಳಿಯಲಿಲ್ಲ.

ಅವಳು ಬಾಗಿಲಲ್ಲಿ ನಿಂತು ಅಕ್ಕನ ನಂಬರು ಒತ್ತಿದಳು. ಗಂಡ ರಸ್ತೆ ದಾಟಿದ. ಹತ್ತು ಹೆಜ್ಜೆಗೆ ಇಪ್ಪತ್ತು ಹೆಜ್ಜೆ ಹಾಕಿದ. ಭಾವ ಹಗ್ಗ ಬಿಟ್ಟು ತಲೆ ಎತ್ತಿದ. ಉಪದೇಶಕ್ಕೆ ಹೆಸರಾದ ಚಿಕ್ಕ ಮುಳ್ಳು ತನ್ನ ಕೈಗಡಿಯಾರ ಬಿಚ್ಚಿ ಅಣ್ಣನ ಮುಂದೆ ಚಾಚಿದ.

"ಇದು ನಿಧಾನ ಓಡ್ತಿದೆ ಅಣ್ಣ. ನೀನೇ ಒಂದು ಸಲ ನೋಡಬೇಕು."

ಅದು ನಿಧಾನ ಓಡುತ್ತಿರಲಿಲ್ಲ ಎಂದು ಅವಳಿಗೆ ಗೊತ್ತಿತ್ತು. ಭಾವನಿಗೂ ಗೊತ್ತಾಗಿರಬೇಕು. ಅವನು ವಾಚನ್ನು ನೋಡಲಿಲ್ಲ, ಅದನ್ನು ಹಿಡಿದಿದ್ದ ಕೈಯನ್ನು ನೋಡಿದ.

"ನಿನ್ನ ಕೈ ನಡುಗ್ತಿದೆಯಲ್ಲೋ" ಎಂದ. "ಕೊಡಿಲ್ಲಿ, ಬೀಳಿಸಿಬಿಟ್ಟೀಯ. ಕೂತ್ಕೋ."

ಅವಳ ಕಿವಿಯಲ್ಲಿ ಯಾರೋ ಮೂರನೆಯ ಸಲ "ಹಲೋ, ಯಾರು?" ಎನ್ನುತ್ತಿದ್ದರು. ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡಳು.

"ನಾನು ಕಣೇ ಅಕ್ಕ" ಎಂದಳು.