ಕಿಡಿಯ ಕೋಣೆ, ಬೂದಿಯ ಕೋಣೆ

ಸ್ಟುಡಿಯೋದಲ್ಲಿ ಅವಳನ್ನು ಎಲ್ಲರೂ ಗೋಡೆ ಅಕ್ಕ ಅಂತಲೇ ಕರೆಯುತ್ತಿದ್ದರು. ಕಾರ್ಟೂನಿನಲ್ಲಿ ಓಡುವ, ಹಾರುವ, ಕತ್ತಿ ಬೀಸುವ ಜನರನ್ನು ಬರೆಯುವವರು ಬೇರೆ. ಅವರ ಹಿಂದೆ ನಿಲ್ಲುವ ಗೋಡೆ, ನೆಲ, ಕಿಟಕಿ, ಮೋಡ ಇವಳ ಪಾಲು. ನಾವು ಗೋಡೆ ಹಾರುವವರು, ಅಕ್ಕ ಗೋಡೆ ಕಟ್ಟುವವಳು ಎಂದು ಹುಡುಗರು ಕಾಲೆಳೆದರೆ, ಕಟ್ಟದೇ ಹೋದರೆ ನೀವು ಹಾರುವುದಾದರೂ ಏನನ್ನು ಎಂದು ಅವಳೂ ಬಿಡುತ್ತಿರಲಿಲ್ಲ.

ಅವರ ಸರಣಿಯ ನಾಯಕ ಕಿಡಿ, ಅಂಗೈಯಲ್ಲಿ ಬೆಂಕಿ ಹುಟ್ಟಿಸಬಲ್ಲ ಹುಡುಗ. ಎದುರಾಳಿ ಬೂದಿ, ಮುಟ್ಟಿದ್ದನ್ನೆಲ್ಲ ಆರಿಸಬಲ್ಲವನು. ವರ್ಷಗಟ್ಟಲೆ ಇಬ್ಬರೂ ಹಾವು ಮುಂಗುಸಿಯ ಹಾಗೆ ಕಾದಾಡಿದ ಮೇಲೆ, ಇವರು ಹೀಗೇಕಾದರು ಎಂಬ ಹಿಂದಿನ ಕಥೆ ಹೇಳುವ ಕಾಲ ಬಂದಿತ್ತು. ನಿರ್ದೇಶಕ ಒಂದು ಉಪಾಯ ಹೂಡಿದ್ದ. ಇಬ್ಬರ ಬಾಲ್ಯವೂ ಒಂದೇ ತರಹ ಇರಬೇಕು. ಇಬ್ಬರೂ ಮುಚ್ಚಿದ ಕೋಣೆಯಲ್ಲಿ ಒಂಟಿಯಾಗಿ ಬೆಳೆಯಬೇಕು. ಇಬ್ಬರಿಗೂ ಗೋಡೆಯಾಚೆಯಿಂದ ಯಾರೋ ತಟ್ಟುವ ಸದ್ದು ಕೇಳಬೇಕು. ಕಿಡಿ ತಿರುಗಿ ತಟ್ಟುತ್ತಾನೆ, ಬೂದಿ ತಟ್ಟುವುದಿಲ್ಲ. ವ್ಯತ್ಯಾಸ ಅಷ್ಟೇ.

ಕಿಡಿಯ ಕೋಣೆ ಗೋಡೆ ಅಕ್ಕನಿಗೆ ಬಂತು, ಬೂದಿಯ ಕೋಣೆ ಹೊಸಬನಿಗೆ. ಹೊಸಬ ಕೆಲಸಕ್ಕೆ ಸೇರಿ ವರ್ಷಗಳೇ ಕಳೆದಿದ್ದರೂ ಆ ಹೆಸರು ಅಂಟಿಕೊಂಡೇ ಉಳಿದಿತ್ತು. ಬಾಯಿ ಬಿಟ್ಟರೆ ಮುತ್ತು ಉದುರೀತು ಅನ್ನುವ ಹಾಗೆ ಇರುತ್ತಿದ್ದ. ಎಲ್ಲರ ಮೇಜೂ ಗೋಡೆಗೆ ಒತ್ತಿಕೊಂಡಿದ್ದರೆ ಅವನದು ಮಾತ್ರ ನಡುಮನೆಯಲ್ಲಿ ನಿಂತ ನೆಂಟರ ಹಾಗೆ ಕೋಣೆಯ ಮಧ್ಯದಲ್ಲಿತ್ತು. ಒಬ್ಬರದನ್ನೊಬ್ಬರು ನೋಡಬಾರದು ಎಂದು ನಿರ್ದೇಶಕ ಇಬ್ಬರಿಗೂ ಹೇಳಿದ್ದ. ನೋಡುವ ಪುರುಸೊತ್ತು ಇಬ್ಬರಿಗೂ ಇರಲಿಲ್ಲ.

ಅವಳು ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. ಚಿಕ್ಕವಳಿದ್ದಾಗ ಕಾಲು ಮುರಿದು, ಪ್ಲಾಸ್ಟರ್ ಹಾಕಿಸಿಕೊಂಡು ತಿಂಗಳುಗಟ್ಟಲೆ ಮಲಗಿದ್ದ ಕೋಣೆಯನ್ನೇ ಇಳಿಸಿಬಿಟ್ಟಳು. ಮಾಸಿದ ಹಸಿರು ಸುಣ್ಣ, ಮೇಲೆ ಒಂದೇ ಒಂದು ಗಾಜಿನ ಹೆಂಚು, ಅದರಿಂದ ಬೀಳುವ ಬಿಸಿಲಿನ ಚೌಕ. ಎಲ್ಲಕ್ಕಿಂತ ಮಿಗಿಲಾಗಿ ಆ ತೊಲೆ. ಮೇಲೆ ಉದ್ದ ಬಾಲದ ಗಿಳಿಗಳ ಸಾಲು ಕೆತ್ತಿದ್ದ ಹಳೆಯ ತೊಲೆ, ನೇರ ಗೋಡೆಯೊಳಕ್ಕೆ ಹೋಗಿಬಿಡುತ್ತಿತ್ತು. ಕೊನೆಯ ಗಿಳಿಯ ಬಾಲ ಮಾತ್ರ ಅವಳ ಕಡೆಗಿತ್ತು, ಮೈಯನ್ನು ಗೋಡೆ ನುಂಗಿತ್ತು. ಮಲಗಿದವಳು ದಿನವಿಡೀ ಅದನ್ನೇ ನೋಡುತ್ತಿದ್ದಳು. ಗೋಡೆಯಾಚೆಯಿಂದ ಆಗಾಗ ಸದ್ದು ಬರುತ್ತಿತ್ತು, ಬೆರಳ ಗೆಣ್ಣಿನಿಂದ ತಟ್ಟಿದ ಹಾಗೆ. ಅವಳು ಹೊದಿಕೆ ಎಳೆದುಕೊಂಡು ಕಿವಿ ಮುಚ್ಚಿಕೊಳ್ಳುತ್ತಿದ್ದಳು. ಇಲಿ ಕಣೇ, ಎನ್ನುತ್ತಿದ್ದಳು ಅಮ್ಮ.

ಎರಡೂ ಚಿತ್ರ ಮುಗಿದ ದಿನ ನಿರ್ದೇಶಕ ಅವನ್ನು ದೊಡ್ಡ ಪರದೆಯ ಮೇಲೆ ಅಕ್ಕಪಕ್ಕ ಹಾಕಿಸಿದ. ಬೂದಿಯ ಕೋಣೆಯಲ್ಲೂ ಅದೇ ಹಸಿರು ಸುಣ್ಣ, ಅದೇ ಗಾಜಿನ ಹೆಂಚು. ಅದೇ ತೊಲೆ ಗೋಡೆಯಿಂದ ಹೊರಬಂದಿತ್ತು. ಆದರೆ ಅಲ್ಲಿ ಗೋಡೆಯಿಂದ ಇಣುಕಿದ್ದು ಗಿಳಿಯ ತಲೆ. ಇತ್ತ ಬಾಲ, ಅತ್ತ ತಲೆ, ನಡುವೆ ಒಡಲೇ ಇಲ್ಲ.

ಯಾರು ಯಾರದನ್ನು ಕದ್ದು ನೋಡಿದಿರಿ ಎಂದು ನಿರ್ದೇಶಕ ಸಿಡುಕಿದ. ಹುಡುಗರು ನಕ್ಕರು. ಗೋಡೆ ಅಕ್ಕ ಹೊಸಬನ ಕಡೆ ತಿರುಗಿದರೆ ಅವನು ಆಗಲೇ ಅವಳನ್ನೇ ನೋಡುತ್ತಿದ್ದ.

ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿಕೊಂಡು ಮೆಟ್ಟಿಲ ಮೇಲೆ ಕೂತು ಮಾತಾಡಿದರು. ಐಸ್ ಫ್ಯಾಕ್ಟರಿ ಹಿಂದಿನ ಉದ್ದ ಮನೆ, ಎರಡು ಭಾಗ, ಎರಡು ಬೀದಿಗೆ ತೆರೆದ ಎರಡು ಬಾಗಿಲು. ಮುಂದಿನ ಭಾಗದಲ್ಲಿ ಇವಳ ಅಪ್ಪ ಅಮ್ಮ ಬಾಡಿಗೆಗಿದ್ದರು, ಹಿಂದಿನದರಲ್ಲಿ ಹೊಸಬನ ದೊಡ್ಡಪ್ಪ. ತಂದೆತಾಯಿ ಇಲ್ಲದ ಹುಡುಗನನ್ನು ಸಾಕುತ್ತಿದ್ದ ಆ ದೊಡ್ಡಪ್ಪ ಕೆಲಸಕ್ಕೆ ಹೋಗುವಾಗ, ಒಲೆ ಮುಟ್ಟಿ ಸುಟ್ಟುಕೊಂಡಾನು ಎಂದು ಅವನ ಕಾಲನ್ನು ಮಂಚದ ಕಾಲಿಗೆ ಕಟ್ಟಿ, ಬಾಗಿಲು ಹಾಕಿಕೊಂಡು ಹೋಗುತ್ತಿದ್ದನಂತೆ. ಹೊಸಬ ಇದನ್ನೆಲ್ಲ ಬೇರೆ ಯಾರದೋ ಸುದ್ದಿ ಎಂಬಂತೆ ಹೇಳಿದ. ಆಮೇಲೆ ಅವನ ದನಿ ಬದಲಾಯಿತು.

"ಅಕ್ಕಾ, ಅದು ನೀವೇ ಅಂತ ಗೊತ್ತಿರಲಿಲ್ಲ. ನೀವು ತಟ್ಟದೇ ಇದ್ದಿದ್ರೆ ನನಗೆ ಹುಚ್ಚು ಹಿಡೀತಿತ್ತು. ಒಂದು ಸಲ ತಟ್ಟಿದ್ರೆ ಹೌದು, ಎರಡು ಸಲ ಅಂದ್ರೆ ಇಲ್ಲ. ನೆನಪಿದೆಯಾ?"

"ನೀನೂ ತಟ್ತಿದ್ದೆ ಅಲ್ವಾ?" ಅವಳು ಕೇಳಿದಳು.

"ಎಲ್ಲಿ ಅಕ್ಕ. ಹಗ್ಗ ಗೋಡೆವರೆಗೆ ಬರ್ತಿರಲಿಲ್ಲ. ನಾನು ಬರೀ ಕೂಗಿ ಕೇಳ್ತಿದ್ದೆ."

ತಟ್ಟುವವರು ಆ ಕಡೆಯವರು ಎಂದು ಅವಳು ಹೆದರಿದ್ದಳು. ಇವನು ಈ ಕಡೆಯವರು ಎಂದು ನಂಬಿ ಬದುಕಿದ್ದ. ಅವನ ಮುಖದಲ್ಲಿ ಮೊದಲ ಸಲ ಕಂಡ ಬೆಳಕನ್ನು ಆರಿಸುವುದಕ್ಕೆ ಅವಳಿಗೆ ಮನಸ್ಸು ಬರಲಿಲ್ಲ. ಹೂಂ ಎಂದೂ ಅನ್ನದೆ ಊಹೂಂ ಎಂದೂ ಅನ್ನದೆ ಡಬ್ಬಿ ಮುಚ್ಚಿದಳು.

ಸಂಜೆ ಮನೆಗೆ ಹೋದವಳೇ ಅಮ್ಮನ ಮುಂದೆ ಕೂತಳು. ಆ ಮನೆಯಲ್ಲಿ ತಟ್ಟುತ್ತಿದ್ದದ್ದು ಯಾರು? ಇಲಿ, ಎಂದಳು ಅಮ್ಮ, ರೂಢಿಯಂತೆ. ಮಗಳು ಏಳಲಿಲ್ಲ. ಅಮ್ಮ ಹೊಲಿಯುತ್ತಿದ್ದ ಬಟ್ಟೆಯನ್ನು ಮಡಿಚಿ ಬದಿಗಿಟ್ಟು, ಇಷ್ಟು ವರ್ಷ ಹೊಟ್ಟೆಯೊಳಗಿಟ್ಟುಕೊಂಡದ್ದನ್ನು ಬಿಚ್ಚಿದಳು. ಅದು ಅಣ್ಣತಮ್ಮಂದಿರ ಮನೆಯಂತೆ. ತಾವು ಬಾಡಿಗೆಗೆ ಬರುವ ಎಷ್ಟೋ ವರ್ಷ ಮೊದಲು ಅವರು ಜಗಳವಾಡಿ ಪಾಲಾದಾಗ, ನಿನ್ನ ಗೋಡೆ ನನಗೆ ಬೇಡ, ನನ್ನ ಗೋಡೆ ನೀನು ಮುಟ್ಟಬೇಡ ಎಂದು ಇಬ್ಬರೂ ಬೇರೆ ಬೇರೆ ಗೋಡೆ ಎಬ್ಬಿಸಿದರಂತೆ. ನಡುವೆ ಮೊಳ ಅಗಲದ ಜಾಗ ಯಾರಿಗೂ ಸೇರದೆ ಉಳಿದುಹೋಯಿತಂತೆ. ಮೇಲೆ ಹೆಂಚು, ಎರಡು ತುದಿಗೂ ಇಟ್ಟಿಗೆ. ದಾಯಾದಿಗಳ ಹಟಕ್ಕೆ ಮದ್ದುಂಟೇ.

"ಅವರ ತಂಗಿ ಸತ್ತಾಗ ಒಂದು ಹೆಣ್ಣುಮಗು ಬಿಟ್ಟು ಹೋಗಿದ್ಲಂತೆ," ಎಂದಳು ಅಮ್ಮ. "ಅಣ್ಣನ ಕಡೆ ಉಣ್ಣೋದು, ತಮ್ಮನ ಕಡೆ ಮಲಗೋದು. ಗೋಡೆ ಎದ್ದ ಮೇಲೆ ಇವರು ಮಗು ಅಲ್ಲಿದೆ ಅಂದ್ಕೊಂಡ್ರು, ಅವರು ಇಲ್ಲಿದೆ ಅಂದ್ಕೊಂಡ್ರು. ಮಾತಿದ್ರೆ ತಾನೇ ಕೇಳೋದಕ್ಕೆ."

ಬೀದಿಯಲ್ಲಿ ಈ ಮಾತು ಕಿವಿಗೆ ಬಿದ್ದ ದಿನವೇ ಅಮ್ಮ, ಮಗಳು ನಿದ್ದೆ ಹೋದ ಹೊತ್ತು ನೋಡಿ, ಧೈರ್ಯ ಮಾಡಿ ಗೋಡೆಗೆ ತಿರುಗಿ ತಟ್ಟಿದ್ದಳಂತೆ. ಆಮೇಲೆ ಏನಾಯಿತು ಎಂದು ಗೋಡೆ ಅಕ್ಕ ಕೇಳಿದಳು.

"ಅಳೋದಕ್ಕೆ ಶುರುವಾಯ್ತು," ಎಂದಳು ಅಮ್ಮ. "ಇಲಿ ಅಳಲ್ಲ ಕಣೇ."

ಆ ವಾರವೇ ಅವರು ಮನೆ ಬಿಟ್ಟಿದ್ದರು. ಕಾಲಿನ ಪ್ಲಾಸ್ಟರ್ ಸಮೇತ ತನ್ನನ್ನು ಅಪ್ಪ ಹೊತ್ತುಕೊಂಡು ಹೋದದ್ದು ಮಗಳಿಗೆ ನೆನಪಿತ್ತು, ಏಕೆ ಎಂಬುದು ಗೊತ್ತಿರಲಿಲ್ಲ.

ಮಾರನೆಯ ದಿನ ಅವಳು ಹೊಸಬನಿಗೆ ಎಲ್ಲವನ್ನೂ ಹೇಳಿದಳು. ಅವನು ತಲೆ ತಗ್ಗಿಸಿ ಕೇಳಿದ. ಮುಖ ಕಪ್ಪಿಟ್ಟಿತು, ಆದರೆ ಅಷ್ಟೇನೂ ಬೆಚ್ಚಿದಂತೆ ಕಾಣಲಿಲ್ಲ.

"ಒಂದ್ಸಲ ಕೇಳಿದ್ದೆ, ನೀನು ಆ ಕಡೆ ಮನೆಯವಳಾ ಅಂತ. ಇಲ್ಲ ಅಂದ್ಲು. ಹಾಗಾದ್ರೆ ಈ ಕಡೆಯವಳಾ ಅಂದೆ. ಅದಕ್ಕೂ ಇಲ್ಲ. ಆಟ ಆಡ್ತಿದ್ದಾಳೆ ಅಂದ್ಕೊಂಡೆ, ಅಕ್ಕ."

ರಜೆಯ ದಿನ ಇಬ್ಬರೂ ಆ ಬೀದಿಗೆ ಹೋದರು. ಐಸ್ ಫ್ಯಾಕ್ಟರಿ ಮುಚ್ಚಿ ಎಷ್ಟೋ ಕಾಲವಾಗಿತ್ತು. ಮನೆ ಮಾತ್ರ ನಿಂತಿತ್ತು. ಮುಂದಿನ ಭಾಗದಲ್ಲಿ ಫ್ಯಾನ್ ರಿಪೇರಿಯ ಅಂಗಡಿ. ಹತ್ತಾರು ಫ್ಯಾನುಗಳು ಒಟ್ಟಿಗೇ ತಿರುಗುತ್ತಿದ್ದವು, ಆಡಿದ ಮಾತು ಸರಿಯಾಗಿ ಕಿವಿಗೆ ಬೀಳುತ್ತಿರಲಿಲ್ಲ. ರಿಪೇರಿಯವನು ಮಾತಿನ ಮಲ್ಲ. ದಾಯಾದಿಗಳಿಬ್ಬರ ಪಾಲನ್ನೂ ತಾನೇ ಕೊಂಡಿದ್ದಾನೆಂದೂ, ನಡುವಿನ ಗೋಡೆ ಕೆಡವಿ ಒಂದೇ ಅಂಗಡಿ ಮಾಡುವ ಆಸೆಯೆಂದೂ, ಆದರೆ ಬಂದ ಗಾರೆಯವರೆಲ್ಲ ಗೋಡೆಗೆ ಕಿವಿಯಿಟ್ಟು ಹಾಗೇ ಹಿಂದಿರುಗುತ್ತಾರೆಂದೂ ಹೇಳಿದ. ಫ್ಯಾನುಗಳನ್ನು ಸುಮ್ಮನೆ ಏಕೆ ಓಡಿಸುತ್ತೀರಿ ಎಂದು ಗೋಡೆ ಅಕ್ಕ ಕೇಳಿದ್ದಕ್ಕೆ, ಸದ್ದು ಇರಲಿ ಅಂತ ಎಂದು ನಕ್ಕ. ನಗು ಬಾಯಿಂದ ಮೇಲೆ ಹತ್ತಲಿಲ್ಲ.

ಅವಳು ಮಲಗುತ್ತಿದ್ದ ಜಾಗದಲ್ಲಿ ಫ್ಯಾನಿನ ರೆಕ್ಕೆಗಳನ್ನು ಒಟ್ಟಿದ್ದರು. ತೊಲೆಯ ಮೇಲೆ ಗಿಳಿಯ ಬಾಲ ಹಾಗೇ ಇತ್ತು. ಅದನ್ನು ಹೊಸಬನಿಗೆ ತೋರಿಸುತ್ತಿರುವಾಗಲೇ ಕರೆಂಟು ಹೋಯಿತು.

ಫ್ಯಾನುಗಳು ಒಂದೊಂದಾಗಿ ನಿಧಾನವಾದವು. ರಿಪೇರಿಯವನು ಮಾತನ್ನು ಅರ್ಧಕ್ಕೇ ಬಿಟ್ಟು, ಚಪ್ಪಲಿಯನ್ನೂ ಹಾಕಿಕೊಳ್ಳದೆ ಬೀದಿಗಿಳಿದ. ಕೊನೆಯ ಫ್ಯಾನು ನಿಂತಿತು. ಗಾಜಿನ ಹೆಂಚಿನ ಬಿಸಿಲು ನೆಲದ ಮೇಲೆ ಅಲುಗದೆ ಬಿದ್ದಿತ್ತು. ಆಗ ಗೋಡೆಯೊಳಗಿಂದ, ಮೊಣಕಾಲಿನಷ್ಟು ಎತ್ತರದಲ್ಲಿ, ಸದ್ದು ಬಂತು. ಜೋರಲ್ಲ. ಮನೆಯವರು ಮಲಗಿದ್ದಾರೇನೋ ಎಂದು ಹಿಂಜರಿದು ಬಾಗಿಲು ತಟ್ಟುವವರ ಹಾಗೆ.

ಗೋಡೆ ಅಕ್ಕನ ಕೈಗಳು ತಾವಾಗಿ ಕಿವಿಯ ಕಡೆ ಎದ್ದವು. ಅರ್ಧಕ್ಕೇ ತಡೆದು ಇಳಿಸಿದಳು. ಹೊಸಬ ನೆಲಕ್ಕೆ ಕೂತು ಅಂಗೈಯನ್ನು ಗೋಡೆಗೆ ಒತ್ತಿದ. ಆ ಗೋಡೆಗಳನ್ನು ಅವನು ಯಾವ ಕಡೆಯಿಂದಲೂ ಮುಟ್ಟಿದವನಲ್ಲ.

"ಸ್ವಲ್ಪ ತಡ ಆಯ್ತು," ಎಂದ, ಗೋಡೆಗೆ. "ಹಿಂದಕ್ಕೆ ಸರಿದು ಕೂತ್ಕೋ."

ಮೂಲೆಯಲ್ಲಿದ್ದ ಹಾರೆ ತಂದು ಅವನೇ ಇಟ್ಟಿಗೆ ಎಬ್ಬಿದ. ಅವಳು ಒಂದೊಂದನ್ನೇ ಎತ್ತಿ ಬದಿಗಿಟ್ಟಳು. ಬೀದಿಯಲ್ಲಿ ನಿಂತವನು ಬೇಡವೆನ್ನಲೂ ಇಲ್ಲ, ಒಳಗೆ ಬರಲೂ ಇಲ್ಲ. ಕಿಂಡಿ ದೊಡ್ಡದಾಗುತ್ತಿದ್ದಂತೆ ಒಳಗಿನಿಂದ ತಣ್ಣನೆಯ ಗಾಳಿ ಬಂತು, ಐಸ್ ಪೆಟ್ಟಿಗೆಯ ಮುಚ್ಚಳ ತೆಗೆದ ಹಾಗೆ. ಅವಳು ಮೊಬೈಲಿನ ಬೆಳಕು ಹಿಡಿದು ಮೊದಲು ಮೇಲೆ ನೋಡಿದಳು. ಕೆಳಗೆ ನೋಡುವ ಧೈರ್ಯ ಬರಲಿಲ್ಲ. ಮೇಲೆ ತೊಲೆಯಲ್ಲಿ ಗಿಳಿಯ ಒಡಲಿತ್ತು, ಹೊಗೆ ಸುಣ್ಣ ಸೋಕದೆ, ಬಣ್ಣ ಹಚ್ಚಿದ ಹೊಸತರಲ್ಲಿದ್ದಂತೆ ಹಸಿರಾಗಿ.

ಕೆಳಗೆ, ಒಂದು ಗೋಡೆಗೆ ಬೆನ್ನು ಕೊಟ್ಟು, ಇನ್ನೊಂದಕ್ಕೆ ಪಾದ ಊರಿ ಕೂತ ಹಾಗೆ, ಪುಟ್ಟ ಎಲುಬುಗಳಿದ್ದವು. ಒಳಗಿನಿಂದ ಗಿಲಾವು ಕಾಣದ ಒರಟು ಇಟ್ಟಿಗೆ ಎರಡೂ ಬದಿಯಲ್ಲಿ ಒಂದೊಂದು ಕಡೆ ಮಾತ್ರ ಸವೆದು ನುಣುಪಾಗಿತ್ತು. ಹೊಸಬ ಅಲ್ಲೇ ಕೂತುಬಿಟ್ಟ. ಎಷ್ಟು ಕರೆದರೂ ಏಳಲಿಲ್ಲ. ಪೊಲೀಸರಿಗೆ ಗೋಡೆ ಅಕ್ಕನೇ ಫೋನ್ ಮಾಡಿದಳು.

ಪೊಲೀಸರು ದಾಯಾದಿಗಳ ಕಡೆಯವರನ್ನು ಕರೆಸಿದರು. ಅಣ್ಣನ ಮಗ ಬಂದ, ಕೋಲೂರುವ ವಯಸ್ಸು. ತಮ್ಮನ ಮಗಳು ಬಂದಳು, ಅವಳ ಕೂದಲೂ ಪೂರ್ತಿ ನರೆತಿತ್ತು. ಚಿಕ್ಕಂದಿನಲ್ಲಿ ಆ ಮಗುವಿನ ಜೊತೆ ಆಡಿದವರು ಇಬ್ಬರೂ. ಬೀದಿಯ ಆಚೆ ಒಬ್ಬರು, ಈಚೆ ಒಬ್ಬರು ನಿಂತರು. ಒಬ್ಬರ ಮಾತನ್ನು ಇನ್ನೊಬ್ಬರಿಗೆ ಇನ್ಸ್‌ಪೆಕ್ಟರೇ ದಾಟಿಸಬೇಕಾಯಿತು, ಬೀದಿಯೇನೂ ಅಗಲವಿಲ್ಲದಿದ್ದರೂ. ಆ ಮಗು ಅವರ ಕಡೆ ಇತ್ತು ಎಂದ ಮುದುಕ. ಇಲ್ಲ, ಅವರ ಕಡೆಯೇ ಇದ್ದದ್ದು ಎಂದಳು ಮುದುಕಿ. ಹೆಸರೇನು ಎಂದು ಕೇಳಿದರೆ ಇಬ್ಬರೂ ಬೇರೆ ಬೇರೆ ಹೆಸರು ಹೇಳಿದರು. ಒಂದೊಂದು ಮನೆಯವರು ಒಂದೊಂದು ಹೆಸರಿನಿಂದ ಕರೆಯುತ್ತಿದ್ದರಂತೆ.

ಪರೀಕ್ಷೆಗಳೆಲ್ಲ ಮುಗಿದ ಮೇಲೂ ಎಲುಬುಗಳನ್ನು ಕೇಳಿಕೊಂಡು ಯಾರೂ ಬರಲಿಲ್ಲ. ಅವರು ಒಯ್ಯಲಿ ಎಂದು ಎರಡೂ ಕಡೆಯಿಂದ ಉತ್ತರ ಬಂತು. ಆಗ ಹೊಸಬ, ನನಗೆ ಕೊಡಿ ಎಂದ. ನೀವು ಏನಾಗಬೇಕು ಎಂದು ಇನ್ಸ್‌ಪೆಕ್ಟರ್ ಕೇಳಿದರು.

"ಪಕ್ಕದ ಮನೆಯವನು," ಎಂದ ಹೊಸಬ.

"ನಾನೂ," ಎಂದಳು ಗೋಡೆ ಅಕ್ಕ.

ಊರಾಚೆಯ ಸ್ಮಶಾನದಲ್ಲಿ, ಸುತ್ತ ಯಾವ ಗೋಡೆಯೂ ಇಲ್ಲದ ಕಡೆ ಜಾಗ ಕೇಳಿ ಮಣ್ಣು ಮಾಡಿದರು. ಅಮ್ಮ ಬಂದು ದೂರದಲ್ಲಿ ನಿಂತಿದ್ದಳು. ಎಲ್ಲರೂ ಹೊರಟ ಮೇಲೆ ಹತ್ತಿರ ಹೋಗಿ ಬಗ್ಗಿ ಏನೋ ಹೇಳಿದಳು. ಏನೆಂದು ಮಗಳು ಕೇಳಲಿಲ್ಲ.

ಸುದ್ದಿ ತಿಳಿದ ನಿರ್ದೇಶಕ ಆ ಕಂತನ್ನೇ ಕೈಬಿಡೋಣವೆಂದ. ಮೀಟಿಂಗಿನಲ್ಲಿ ಎಂದೂ ಬಾಯಿ ತೆರೆಯದ ಹೊಸಬ, ಬೇಡ ಸರ್, ಒಂದೇ ಒಂದು ಬದಲಾಯಿಸೋಣ ಎಂದ. ಕಿಡಿಯೂ ತಟ್ಟುವುದಿಲ್ಲ, ಬೂದಿಯೂ ತಟ್ಟುವುದಿಲ್ಲ. ಆದರೆ ಇಬ್ಬರಿಗೂ ಸದ್ದು ಕೇಳುತ್ತದೆ. ಎಷ್ಟೋ ವರ್ಷಗಳ ಮೇಲೆ, ಕೊನೆಯ ಕಾಳಗದ ನಡುವೆ, ಚಿಕ್ಕಂದಿನಲ್ಲಿ ನನ್ನನ್ನು ಬದುಕಿಸಿದವನು ನೀನೇ ಎಂದು ಇಬ್ಬರೂ ಒಬ್ಬರನ್ನೊಬ್ಬರು ನಂಬಿ ಕೈ ಇಳಿಸುತ್ತಾರೆ. ನಿಜವಾಗಿ ತಟ್ಟಿದ್ದು ಯಾರೆಂದು ಕಥೆ ಹೇಳುವುದಿಲ್ಲ.

ನಿರ್ದೇಶಕ ಒಪ್ಪಿದ. ಕಂತು ಹೊರಬಂತು, ಜನರಿಗೆ ಹಿಡಿಸಿತು. ತಟ್ಟಿದ್ದು ಬೂದಿಯೇ ಎಂದು ಕೆಲವು ಮಕ್ಕಳು, ಅಲ್ಲ ಕಿಡಿಯೇ ಎಂದು ಇನ್ನು ಕೆಲವರು, ಶಾಲೆಗಳಲ್ಲಿ ಗುಂಪು ಕಟ್ಟಿಕೊಂಡು ಜಗಳವಾಡಿದರಂತೆ. ಬೇರೆ ಯಾರಾದರೂ ಇದ್ದಿರಬಹುದೇ ಎಂದು ಕೇಳಿದ ಒಂದು ಮಗುವೂ ಇರಲಿಲ್ಲ.